ಹಳೇ ಮಣ್ಣಿನ ಮನಿ ರಿಪೇರಿ ಮಾಡೋರಿಗೆ: ಮ್ಯಾಳಗಿಯಿಂದ ಬುನಾದಿ ತನಕ ಯಾವ ಕೆಲಸ ಮೊದಲು, ಯಾವುದು ಆಮೇಲೆ

ನಮ್ಮ ಅಜ್ಜನ ಮನಿ ಧಾರವಾಡದ ಹೊಸಯಲ್ಲಾಪುರದಾಗ ಐತಿ. ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗ್ವಾಡಿ, ಮುಂದ ಪಡಸಾಲಿಗೆ ಮಂಗಳೂರು ಹೆಂಚು, ಹಿಂದ ಅಡಗಿಮನಿ ದೇವರಮನಿ ಕಡೆ ಮಣ್ಣಿನ ಮ್ಯಾಳಗಿ (ತೊಲಿ ಹಲಗಿ ಮ್ಯಾಲೆ ಮಣ್ಣು ಹಾಕಿದ ಚಾವಣಿ), ನಡುವ ಸಾಗವಾನಿ ಕಂಬ. ಮನಿ ನಮ್ಮ ಕೈಗೆ ಬಂದಾಗ ನೋಡಾಕ ಬಂದ ಹತ್ತು ಮಂದ್ಯಾಗ ಒಂಬತ್ತು ಮಂದಿ "ಕೆಡವ್ರಿ, ಆರ್‌ಸಿಸಿ ಕಟ್ರಿ, ಸುಮ್ನ ಯಾಕ ರೊಕ್ಕ ಹಾಳು ಮಾಡ್ತೀರಿ" ಅಂದ್ರು. ನಾವು ಕೆಡವಲಿಲ್ಲ. ಒಂದೂವರೆ ವರ್ಷ ಹಿಡೀತು, ಈಗ ಅದ ಮನ್ಯಾಗ ಇದ್ದೀವಿ, ಏಪ್ರಿಲ್ ಬಿಸಿಲಿನಾಗೂ ನಡುಮನ್ಯಾಗ ಒಂದು ಫ್ಯಾನಿನ ಮ್ಯಾಲೆ ಆರಾಮ ಮಲಗತೀವಿ.

ಆದ್ರ ಮೊದಲನೇ ವರ್ಷ ನಾವು ಮಾಡಿದ್ದು ಪೂರಾ ಉಲ್ಟಾ. ಮೊದಲು ಒಳಗ ಸಿಮೆಂಟ್ ಗಿಲಾವು ಮಾಡಿಸಿ, ಪುಟ್ಟಿ ಹಚ್ಚಿ, ಚಂದನ ಬಣ್ಣ ಹೊಡಿಸಿದ್ವಿ, ಮಳಿಗಾಲ ಮುಗಿಯೋದ್ರಾಗ ಬಣ್ಣ ಗುಳ್ಳಿ ಎದ್ದು, ಕೆಳಗಿಂದ ಮೂರು ಅಡಿ ತನಕ ಉಪ್ಪು ಹೂವಿನಂಗ ಅರಳಿ, ಎರಡನೇ ವರ್ಷ ಗಿಲಾವು ಹಲಗಿ ಹಲಗಿ ಆಗಿ ಬಿತ್ತು. ಆಗ ಗೊತ್ತಾಗಿದ್ದು ಏನಂದ್ರ ಹಳೇ ಮನಿ ರಿಪೇರಿ ಅಂದ್ರ ನೀರಿನ ಕೆಲಸ. ನೀರು ಎಲ್ಲಿಂದ ಒಳಗ ಬರತೈತಿ, ಬಂದಿದ್ದು ಹೆಂಗ ಹೊರಗ ಹೋಗತೈತಿ, ಇದು ತಿಳೀದ ಒಂದು ರೂಪಾಯಿನೂ ಬಣ್ಣಕ್ಕ ಹಾಕಬ್ಯಾಡ್ರಿ. ಕೆಳಗ ಬರದಿದ್ದೆಲ್ಲಾ ಆ ಲೆಕ್ಕದ ಮ್ಯಾಲೆನ ಬರದೀನಿ.

ಮೊದಲು ಒಂದು ಮಳಿಗಾಲ ಸುಮ್ನ ನೋಡ್ರಿ

ಸಾಧ್ಯ ಇದ್ರ ಒಂದು ಮಳಿಗಾಲ ಏನೂ ಮಾಡಬ್ಯಾಡ್ರಿ. ಒಂದು ನೋಟ್‌ಬುಕ್ ತಗೊಂಡು ಮನಿ ನಕಾಶೆ ಕೈಲೇ ಬರೀರಿ, ಮಳಿ ಬಂದಾಗ ಎಲ್ಲಿ ಸೋರತೈತಿ, ಯಾವ ಗ್ವಾಡಿ ತಂಪು ಹಿಡೀತೈತಿ, ಅಂಗಳದ ನೀರು ಯಾವ ಕಡೆ ಓಡತೈತಿ, ಎಲ್ಲಾ ಅದರಾಗ ಗುರುತು ಮಾಡ್ರಿ. ಮ್ಯಾಲಿಂದ ಇಳಿಯೋ ಥಂಡಿ ಬ್ಯಾರೆ, ಬುನಾದಿಯಿಂದ ಏರೋ ಥಂಡಿ ಬ್ಯಾರೆ: ಮ್ಯಾಲಿಂದ ಬಂದಿದ್ದು ಕಂದು ಬಣ್ಣದ ಪಟ್ಟಿ ಬಿಟ್ಟು ಇಳೀತೈತಿ, ಕೆಳಗಿಂದ ಏರಿದ್ದು ಎರಡು ಮೂರು ಅಡಿ ಎತ್ತರಕ್ಕ ಅಡ್ಡ ಗೆರಿ ಹೊಡದಂಗ ನಿಲ್ಲತೈತಿ, ಆ ಗೆರಿ ಹತ್ರ ಬಿಳಿ ಉಪ್ಪು ಕಾಣತೈತಿ. ಎರಡಕ್ಕೂ ಔಷಧ ಬ್ಯಾರೆ ಬ್ಯಾರೆ.

ಬಿರುಕು ಇದ್ರ ಅದರ ಮ್ಯಾಲೆ ಅಡ್ಡಕ್ಕ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಪಿಒಪಿ ಹಚ್ಚಿ ತಾರೀಖು ಬರೀರಿ. ಗಾಜು ಒಡದ್ರ ಬಿರುಕು ಇನ್ನೂ ಸರಿಯಾಕತ್ತೈತಿ ಅಂತ, ಒಡೀಲಿಲ್ಲಂದ್ರ ಅದು ಹಳೇ ಗಾಯ, ತುಂಬಿದ್ರ ಸಾಕು. ಎರಿ ಮಣ್ಣಿನ ಊರಾಗ, ಅಂದ್ರ ಹುಬ್ಬಳ್ಳಿ, ನವಲಗುಂದ, ಗದಗ ಕಡೆ, ಬ್ಯಾಸಗ್ಯಾಗ ಬಿರುಕು ಅಗಲ ಆಗಿ ಮಳಿಗಾಲದಾಗ ಮುಚ್ಚತೈತಿ, ಅದಕ್ಕ ಎರಡೂ ಕಾಲ ನೋಡಬೇಕು. ಒಂದು ತಿಂಗಳು ನೋಡಿ ತೀರ್ಮಾನ ಮಾಡಬ್ಯಾಡ್ರಿ.

ಕಂಬ ತೊಲಿ ಜಂತಿ ಎಲ್ಲಾ ಸುತ್ತಿಗಿಯಿಂದ ಬಡದು ನೋಡ್ರಿ. ಗಟ್ಟಿ ಕಟ್ಟಿಗಿ ಠಣ್ ಅಂತೈತಿ, ಒಳಗ ಟೊಳ್ಳಾಗಿದ್ದು ಧಪ್ ಅಂತೈತಿ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಒತ್ರಿ. ತೊಲಿ ಕೊಳಿಯೋದು ನಡುವ ಅಲ್ಲ, ಗ್ವಾಡಿ ಒಳಗ ಹೂತ ತುದೀನ ಮೊದಲು ಕೊಳೀತೈತಿ, ಹೊರಗಿಂದ ನೋಡಿದ್ರ ಎಣ್ಣಿ ಬಣ್ಣ ಹೊಡದು ಚಂದ ಕಾಣತಿರತೈತಿ. ಆ ತುದಿ ಹತ್ರ ಸ್ವಲ್ಪ ಗಿಲಾವು ಕೆತ್ತಿಸಿ ನೋಡದ ಬಿಡಬ್ಯಾಡ್ರಿ.

ಕಾಗದ, ಬಾಜುದವರು, ರೊಕ್ಕ

ಸಿಟಿಎಸ್ ಉತಾರ (ಸಿಟಿ ಸರ್ವೇದ ಆಸ್ತಿ ದಾಖಲೆ) ತಗಿಸಿ ಯಾರ ಯಾರ ಹೆಸರು ಐತಿ ನೋಡ್ರಿ. ಅಜ್ಜನ ಹೆಸರಿನಾಗ ಹಂಗ ಉಳದಿದ್ರ ಮೊದಲು ವಾರಸಾ ಮಾಡಿಸಿ ವಾರಸುದಾರರ ಹೆಸರು ಹಚ್ಚಿಸಿಕೊಳ್ರಿ, ಮನಿ ಚಂದ ಆದ ಮ್ಯಾಲೆ ಪಾಲಿನ ಮಾತು ಬಂದ್ರ ಅಣ್ಣತಮ್ಮಂದಿರ ನಡುವ ಬಾಳ ಕಷ್ಟ. ನಮ್ಮ ಹಳೇ ಓಣಿಗಳಾಗ ಬಾಜು ಮನಿ ಗ್ವಾಡಿ ಸಾಮಾಯಿಕ ಇರತೈತಿ, ಅವರ ಜಂತಿ ನಮ್ಮ ಗ್ವಾಡಿ ಮ್ಯಾಲೆ ಕುಂತಿರತಾವ, ಅದಕ್ಕ ಅವರನ್ನ ಕೂಡಿಸಿಕೊಂಡು ಮಾತಾಡಿ, ಫೋಟೋ ತಗದು ಇಟ್ಟುಕೊಂಡು ಕೆಲಸ ಶುರು ಮಾಡ್ರಿ. ಚಾವಣಿ ಬದಲಿ, ಮ್ಯಾಲೆ ಮಜಲಿ, ಹೊರಗಿನ ಗ್ವಾಡಿ ಸರಿಸೋದು ಇದ್ರ ಮಹಾನಗರ ಪಾಲಿಕೆ ವಲಯ ಕಚೇರಿಯಾಗ ಮೊದಲ ಕೇಳ್ರಿ.

ಕಾಂಟ್ರಾಕ್ಟ್ ವಿಷಯ. ಹಳೇ ಮನಿಗೆ ಸ್ಕ್ವೇರ್ ಫೂಟ್ ರೇಟ್ ನಡಿಯಂಗಿಲ್ಲ, ಗ್ವಾಡಿ ಬಿಚ್ಚಿದ ಮ್ಯಾಲೆ ಏನು ಹೊರಗ ಬರತೈತಿ ಅನ್ನೋದು ಗೌಂಡಿಗೂ ಗೊತ್ತಿರಂಗಿಲ್ಲ. ಬಿಚ್ಚೋ ಕೆಲಸ ದಿನದ ಪಗಾರಕ್ಕ, ಗಿಲಾವು ಫರಸಿ ಅಳತಿ ಲೆಕ್ಕಕ್ಕ ಮಾತಾಡ್ರಿ. ನಿಮ್ಮ ಬಜೆಟ್ ಎಷ್ಟೈತೋ ಅದರಾಗ ಐದರಾಗ ಒಂದು ಪಾಲು ಮುಟ್ಟದ ಇಡ್ರಿ, ಅದು ಖರ್ಚಾಗೇ ಆಗತೈತಿ. ಚಾವಣಿ ಮಾಡಿದವರ ರೊಕ್ಕದಾಗ ನೂರಕ್ಕ ಹತ್ತು ಮೊದಲ ಮಳಿ ಮುಗಿಯೋ ತನಕ ಹಿಡೀರಿ, ಇದನ್ನ ಶುರುವಿನಾಗ ಹೇಳಿ ಒಪ್ಪಿಸಿರಿ, ಕೊನಿಗೆ ಹೇಳಿದ್ರ ಜಗಳ.

ಕೆಲಸದ ಕಾಲ: ದೀಪಾವಳಿ ಆದ ಮ್ಯಾಲೆ ಶುರು, ಮೃಗಶಿರಾ ಮಳಿ ಕೂಡೂದ್ರಾಗ, ಅಂದ್ರ ಜೂನ್ ಮೊದಲ ವಾರದ ಒಳಗ ಮ್ಯಾಲಿಂದು ಎಲ್ಲಾ ಮುಗೀಬೇಕು. ಚಾವಣಿ ಬಿಚ್ಚೋದು ಜನವರಿ ಫೆಬ್ರವರ್ಯಾಗ ಇಟ್ಟುಕೊಳ್ರಿ, ಏಪ್ರಿಲ್ಲಿನಾಗ ಧಾರವಾಡಕ್ಕ ಅಡ್ಡಮಳಿ ಗುಡುಗು ಆಣೆಕಲ್ಲು ಎಲ್ಲಾ ಬರತಾವ, ಬಿಚ್ಚಿದ ಮನಿ ಒಂದು ರಾತ್ರ್ಯಾಗ ಕೆಸರಾಗತೈತಿ. ಏನ ಇರಲಿ ತಾಡಪಾಲ ಮೊದಲ ತಂದಿಟ್ಟಿರ್ರಿ.

ಚಾವಣಿ

ಎಲ್ಲಾ ಕೆಲಸ ಮ್ಯಾಲಿಂದ ಕೆಳಗ ಬರಬೇಕು. ಚಾವಣಿ, ಆಮೇಲೆ ಗ್ವಾಡಿ, ಆಮೇಲೆ ನೆಲ.

ಮಣ್ಣಿನ ಮ್ಯಾಳಗಿ ಇರೋರು ಒಂದು ಲೆಕ್ಕ ಹಾಕ್ರಿ. ನಮ್ಮ ಮಂದಿ ಸೋರಿದಾಗೆಲ್ಲಾ ಮ್ಯಾಲೆ ಇನ್ನೊಂದು ಪದರ ಮಣ್ಣು ಹಾಕತಾ ಬಂದಾರ, ಅಜ್ಜನ ಕಾಲಕ್ಕ ಆರು ಇಂಚು ಇದ್ದಿದ್ದು ಈಗ ಒಂದು ಅಡಿ ಮ್ಯಾಲೆ ಆಗಿರತೈತಿ. ಒಂದು ಅಡಿ ದಪ್ಪ ಮಣ್ಣು ಅಂದ್ರ ಒಂದು ಸ್ಕ್ವೇರ್ ಫೂಟಿಗೆ ಸುಮಾರು 45ರಿಂದ 50 ಕೆಜಿ, 10 ಅಡಿ 12 ಅಡಿ ಖೋಲಿ ಮ್ಯಾಲೆ ಐದಾರು ಟನ್, ಮಳಿಗೆ ನೆನದ್ರ ಇನ್ನೂ ಜಾಸ್ತಿ. ತೊಲಿ ಬಾಗಿದ್ದು ತೊಲಿ ತಪ್ಪಲ್ಲ, ಅದರ ಮ್ಯಾಲೆ ಹೇರಿದ ಭಾರದ್ದು.

ಮಣ್ಣು ಇಳಿಸೋಕಿಂತ ಮೊದಲು ಕೆಳಗ ಪ್ರತಿ ತೊಲಿಗೆ ಕಬ್ಬಿಣದ ಜಾಕಿ ಇಲ್ಲಾ ಗಟ್ಟಿ ಬಲ್ಲಿ ಆಧಾರ ಕೊಡ್ರಿ, ಜಾಕಿ ಕೆಳಗ ಹಲಗಿ ಹಾಕ್ರಿ. ಮಣ್ಣನ್ನ ಒಂದ ಕಡೆಯಿಂದ ಪೂರಾ ತಗೀಬಾರದು, ಎರಡೂ ಕಡೆಯಿಂದ ಸಮ ಸಮ ಸ್ವಲ್ಪ ಸ್ವಲ್ಪ ಇಳಿಸಬೇಕು, ತಗದ ಮಣ್ಣು ಅಲ್ಲೇ ಬಾಜು ಮ್ಯಾಳಗಿ ಮ್ಯಾಲೆ ಗುಡ್ಡಿ ಹಾಕಾಕ ಬಿಡಬ್ಯಾಡ್ರಿ, ನಮ್ಮಲ್ಲಿ ಹಂಗ ಹಾಕಿ ಒಂದು ಜಂತಿ ಮುರದ ಹೋತು, ಪುಣ್ಯಾಕ ಕೆಳಗ ಯಾರೂ ಇರಲಿಲ್ಲ. ಕೆಲಸ ನಡದಾಗ ಆ ಖೋಲ್ಯಾಗ ಮಕ್ಕಳು ಮುದುಕರು ಯಾರನ್ನೂ ಬಿಡಬ್ಯಾಡ್ರಿ.

ಕೊಳತ ತೊಲಿ ಪೂರಾ ಬದಲಿ ಮಾಡಬೇಕು ಅಂತೇನಿಲ್ಲ. ತುದಿ ಅಷ್ಟ ಹೋಗಿದ್ರ ಕೊಳತಿದ್ದು ಕೊಯ್ದು, ಗಟ್ಟಿ ಭಾಗದ ಎರಡೂ ಮಗ್ಗಲಿಗೆ ಕಬ್ಬಿಣದ ಸಿ ಚಾನೆಲ್ ಇಟ್ಟು ಬೋಲ್ಟ್ ಹಾಕಿ ಆ ಚಾನೆಲ್ ಗ್ವಾಡಿ ಮ್ಯಾಲೆ ಕುಂದರಸಬೋದು. ಅಳತಿ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಹತ್ರ ತಗೊಳ್ರಿ, ಫ್ಯಾಬ್ರಿಕೇಶನ್‌ದವರು ಅಂದಾಜಲೆ ಹೇಳೋದು ಬ್ಯಾಡ. ಕೆಡವಿದ ಹಳೇ ಮನಿಗಳ ಸಾಗವಾನಿ, ಮತ್ತಿ ಕಟ್ಟಿಗಿ ಹುಬ್ಬಳ್ಳಿ ಧಾರವಾಡದಾಗ ಸಿಗತೈತಿ, ಹೊಸ ಹಸಿ ಕಟ್ಟಿಗಿಗಿಂತ ಅದು ಛಲೋ, ಒಣಗಿ ಒಣಗಿ ಇನ್ನ ಸೊಟ್ಟ ಆಗೋದು ಏನೂ ಉಳದಿರಂಗಿಲ್ಲ.

ಈಗ ಮ್ಯಾಲೆ ಏನು ಹಾಕೋದು. ಎಲ್ಲಾರೂ ಹೇಳೋದು ಸ್ಲ್ಯಾಬ್. ಖರೇ ಹೇಳಬೇಕಂದ್ರ 5 ಇಂಚಿನ ಸ್ಲ್ಯಾಬ್ ಸ್ಕ್ವೇರ್ ಫೂಟಿಗೆ 30 ಕೆಜಿ ಆಜುಬಾಜು, ದಪ್ಪ ಮಣ್ಣಿಗಿಂತ ಹಗುರನ. ತೊಂದರಿ ಭಾರದ್ದಲ್ಲ, ಭಾರ ಎಲ್ಲಿ ಇಳೀತೈತಿ ಅನ್ನೋದು. ಬಾಳಷ್ಟು ಮ್ಯಾಳಗಿ ಮನಿಗಳಾಗ ಮ್ಯಾಲಿನ ಭಾರ ಹೊರೋದು ಕಟ್ಟಿಗಿ ಕಂಬ, ಮಣ್ಣಿನ ಗ್ವಾಡಿ ಬರೇ ಮರಿ, ಪರದೆ ಇದ್ದಂಗ. ಕಂಬ ತಗದು ಆ ಗ್ವಾಡಿ ಮ್ಯಾಲೆ ಸ್ಲ್ಯಾಬ್ ಕುಂದರಿಸಿದ್ರ ಎಂದೂ ಹೊರದ ಭಾರ ಅದಕ್ಕ ಬರತೈತಿ, ಮ್ಯಾಲೆ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗಿ ಗ್ವಾಡಿ ತಲಿ ಸೀಳತೈತಿ. ಸ್ಲ್ಯಾಬ್ ಬೇಕೇ ಬೇಕು ಅಂದ್ರ ಬುನಾದಿಯಿಂದ ಕಾಲಂ ಎಬ್ಬಿಸಬೇಕು, ಅರ್ಧ ಮನಿ ಹೊಸಾದ ಆತು.

ನಾವು ಎರಡು ದಾರಿ ಹಿಡದ್ವಿ. ನಡುಮನಿ ಮ್ಯಾಳಗಿ ಹಂಗ ಉಳಿಸಿ, ಹಲಗಿ ಸರಿ ಮಾಡಿಸಿ, ಮಣ್ಣು ನಾಕು ಇಂಚಿಗೆ ಇಳಿಸಿ, ಅದರ ಮ್ಯಾಲೆ ಸುಣ್ಣ ಮತ್ತ ಇಟ್ಟಂಗಿ ಚೂರಿನ ಗಚ್ಚು ಹಾಕಿ ಬಡದು ಬಡದು ಗಟ್ಟಿ ಮಾಡಿ ನೀರು ದೋಣಿ (ಮಳಿನೀರು ಹೊರಗ ಒಯ್ಯೋ ನಾಳಿಗಿ) ಕಡೆ ಓಡೋ ಹಂಗ ಇಳಿಜಾರು ಕೊಟ್ವಿ. ಅಡಗಿಮನಿ ಕಡೆ ಪೂರಾ ತಗದು ಹೆಂಚು ಮಾಡಿದ್ವಿ. ಹೆಂಚಿಗೆ ಇಳಿಜಾರು 25ರಿಂದ 30 ಡಿಗ್ರಿ ಬೇಕ ಬೇಕು, ಕಮ್ಮಿ ಆದ್ರ ಗಾಳಿಮಳಿ ನೀರು ಹೆಂಚಿನ ಸಂದಿಯಿಂದ ಹಿಂದಕ್ಕ ಹತ್ತಿ ಒಳಗ ಬರತೈತಿ. 100 ಸ್ಕ್ವೇರ್ ಫೂಟಿಗೆ ಒಡಿಯೋದು ಸೇರಿ 150 ಹೆಂಚು ಹಿಡೀರಿ, ರೀಪಿನ (ಹೆಂಚು ಕೂಡೋ ಕಟ್ಟಿಗಿ ಪಟ್ಟಿ) ಅಂತರ ನಿಮ್ಮ ಹೆಂಚು ನಾಕು ಜೋಡಿಸಿ ಅಳದ ಮ್ಯಾಲೇ ಹೊಡಿಸಿರಿ, ಯಾಕಂದ್ರ ಕಾರ್ಖಾನಿಗೊಂದು ಅಳತಿ ಇರತೈತಿ. ಮಂಗಳೂರಿನಾಗ ಬಾಸೆಲ್ ಮಿಷನ್‌ದವರು ಹೆಂಚಿನ ಕಾರ್ಖಾನಿ ಶುರು ಮಾಡಿದ್ದು 1865ರಾಗ, ಆ ಕಾಲದ ಹೆಸರು ಒತ್ತಿದ ಹಳೇ ಹೆಂಚು ನಿಮ್ಮ ಮನಿ ಮ್ಯಾಲೆ ಇದ್ರ ಬಡದು ನೋಡ್ರಿ, ಠಣ್ ಅಂದ್ರ ತೊಳದು ವಾಪಸ್ ಹಾಕ್ರಿ, ಅವನ್ನ ಒಗೀಬ್ಯಾಡ್ರಿ. ಖೋಲಿಗೆ ನಾಕು ಗಾಜಿನ ಹೆಂಚು ಹಾಕಿದ್ರ ಹಗಲು ಲೈಟ್ ಬೇಕಾಗಂಗಿಲ್ಲ. ಮ್ಯಾಳಗಿದು ಹಳೇ ಬೆಳಕಿಂಡಿ ಇದ್ರ ಮುಚ್ಚಬ್ಯಾಡ್ರಿ, ಬಿಸಿ ಗಾಳಿ ಹೋಗೋ ದಾರಿ ಅದು, ಮ್ಯಾಲೆ ಸಣ್ಣ ಗಾಜಿನ ಟೋಪಿ ಮಾಡಿ ಮಗ್ಗಲಿಗೆ ಜಾಳಿ ಬಿಡ್ರಿ.

ಒರಲಿ

ಗಿಲಾವಿಗೆ ಮೊದಲು ಒರಲಿ (ಗೆದ್ದಲು) ಔಷಧ. ಗ್ವಾಡಿ ನೆಲ ಕೂಡೋ ಮೂಲ್ಯಾಗ ಒಂದೊಂದು ಅಡಿಗೆ 12 ಎಂಎಂ ತೂತು ಓರೆಯಾಗಿ ಹೊಡದು, ತೂತಿಗೆ ಒಂದು ಲೀಟರಿನಂಗ ಔಷಧ ಇಳಿಸಬೇಕು. ಇಮಿಡಾಕ್ಲೋಪ್ರಿಡ್ 30.5 ಇದ್ರ ಲೀಟರ್ ನೀರಿಗೆ 2.1 ಎಂಎಲ್, ಕ್ಲೋರ್‌ಪೈರಿಫಾಸ್ 20 ಇಸಿ ಇದ್ರ ಒಂದು ಲೀಟರಿಗೆ 19 ಲೀಟರ್ ನೀರು. ಕೈಗವಸು ಮಾಸ್ಕ್ ಇಲ್ಲದ ಯಾರೂ ಮುಟ್ಟಬ್ಯಾಡ್ರಿ. ಹಿತ್ತಲದಾಗ ಬಾವಿ ಇದ್ರ ಅದರ ಆಜುಬಾಜು ಹಾಕಲೇಬ್ಯಾಡ್ರಿ. ಮನ್ಯಾಗ ಹಳೇ ಹಗೇವು (ಕಾಳು ಇಡೋ ನೆಲದೊಳಗಿನ ಗುಂಡಿ) ಇದ್ರ ಮೊದಲು ಅದನ್ನ ಹುಡುಕಿ ಮುರುಮು ತುಂಬಿ ಕುಟ್ಟಿಸಿರಿ. ಮುಚ್ಚಿಟ್ಟ ಹಗೇವಿನ ಬಾಯಿ ತಗದ ಕೂಡಲೆ ಯಾರೂ ಇಳೀಬಾರದು, ಒಳಗ ಗಾಳಿ ಕೆಟ್ಟಿರತೈತಿ, ಜೀವಕ್ಕ ಅಪಾಯ.

ಗ್ವಾಡಿ: ಸಿಮೆಂಟ್ ಬ್ಯಾಡ, ಸುಣ್ಣ

ಇದು ನಾ ಕೈ ಸುಟ್ಟುಕೊಂಡು ಕಲತಿದ್ದು, ಅದಕ್ಕ ಬಿಡಿಸಿ ಹೇಳತೀನಿ. ಕಲ್ಲು ಮಣ್ಣಿನ ಗ್ವಾಡಿ ಒಳಗ ಯಾವಾಗಲೂ ಸ್ವಲ್ಪ ಥಂಡಿ ಇದ್ದೇ ಇರತೈತಿ, ಹಳೇ ಮನಿಗೆ ಬುನಾದ್ಯಾಗ ಡಿಪಿಸಿ (ಥಂಡಿ ಮ್ಯಾಲೆ ಏರದಂಗ ತಡಿಯೋ ಪದರ) ಇರಂಗಿಲ್ಲ. ಆ ಥಂಡಿ ಮಣ್ಣು ಸುಣ್ಣದ ಗಿಲಾವಿನ ಮುಖಾಂತರ ಗಾಳಿಗೆ ಹೋಗಿ ಗ್ವಾಡಿ ಒಣಗತಿರತೈತಿ. ಮ್ಯಾಲೆ ಸಿಮೆಂಟ್ ಹಚ್ಚಿದ್ರ ದಾರಿ ಬಂದ್, ನೀರು ಒಳಗ ಸಿಕ್ಕೊಂಡು ಇನ್ನೂ ಮ್ಯಾಲೆ ಏರತೈತಿ, ಉಪ್ಪು ಸಿಮೆಂಟಿನ ಹಿಂದ ಕೂಡಿ ಅದನ್ನ ದಬ್ಬತೈತಿ, ಕೊನಿಗೆ ಬೀಳೋವಾಗ ಸಿಮೆಂಟ್ ಅಷ್ಟ ಬೀಳಂಗಿಲ್ಲ, ಅದರ ಕೂಡ ಗ್ವಾಡಿದು ಎರಡು ಇಂಚು ಮಣ್ಣೂ ಕಿತ್ತುಕೊಂಡು ಬರತೈತಿ. ಅಂಗಡ್ಯಾಗ ಸಿಗೋ ಡ್ಯಾಂಪ್ ಪ್ರೂಫ್ ಪೇಂಟ್ ಮಾಡೋದೂ ಅದನ್ನ.

ಹಳೇ ಸಿಮೆಂಟ್ ಇದ್ರ ಕೈ ಉಳಿಯಿಂದ ನಿಧಾನ ತಗಿಸಿರಿ, ಬ್ರೇಕರ್ ಹಚ್ಚಿದ್ರ ಗ್ವಾಡಿ ಒಳಗಿನ ಕಲ್ಲು ಅದರತಾವ. ತಗದ ಮ್ಯಾಲೆ ಒಂದು ತಿಂಗಳಾದ್ರೂ ಹಂಗ ಒಣಗಾಕ ಬಿಡ್ರಿ, ಉಪ್ಪು ಬಂದಿದ್ದನ್ನ ಒಣ ಬ್ರಷಿನಲೆ ಉಜ್ಜಿ ತಗೀರಿ, ನೀರು ಹಾಕಿ ತೊಳೀಬ್ಯಾಡ್ರಿ. ಮಣ್ಣು ಉದುರಿದ ಜಾಗಕ್ಕ ಅದೇ ಜಾತಿ ಮಣ್ಣು ಹೊಟ್ಟು ಕಲಸಿ ಒಂದು ವಾರ ಕೊಳಿಸಿ ತುಂಬ್ರಿ.

ಸುಣ್ಣ: ಲೋಕಾಪುರ ಕಡೆಯಿಂದ ಬರೋ ಸುಟ್ಟ ಸುಣ್ಣದ ಕಲ್ಲು ಸಿಕ್ಕರ ಛಲೋ. ದೊಡ್ಡ ತೊಟ್ಟಿಯಾಗ ಮೊದಲು ನೀರು, ಅದರಾಗ ಸ್ವಲ್ಪ ಸ್ವಲ್ಪ ಸುಣ್ಣದ ಕಲ್ಲು ಹಾಕ್ರಿ, ಕಲ್ಲಿನ ಮ್ಯಾಲೆ ನೀರು ಸುರೀಬ್ಯಾಡ್ರಿ, ಕುದ್ದು ಸಿಡದು ಕಣ್ಣಿಗೆ ಬಿದ್ರ ದೃಷ್ಟಿ ಹೋಗತೈತಿ, ಕನ್ನಡಕ ಕಡ್ಡಾಯ. ಮ್ಯಾಲೆ ಒಂದು ಗೇಣು ನೀರು ನಿಂತಿರೋ ಹಂಗ ಒಂದು ತಿಂಗಳು ಬಿಡ್ರಿ, ಬೆಣ್ಣಿ ಹಂಗ ಆಗಬೇಕು. ಒಂದು ಪಾಲು ಸುಣ್ಣಕ್ಕ ಮೂರು ಪಾಲು ಸೋಸಿದ ಉಸುಕು. ಅಳಲೆಕಾಯಿ ಕುಟ್ಟಿ ಬೆಲ್ಲದ ಕೂಡ ನೆನಿಸಿದ ನೀರಿನಾಗ ಕಲಸೋದು ಹಿರೇರ ಪದ್ಧತಿ, ಗಾರೆ ಕೈಗೆ ಮೆತ್ತಗ ಬರತೈತಿ, ಹಿಡಿತಾನೂ ಛಲೋ. ಗ್ವಾಡಿ ತೋಯಿಸಿ ಮೊದಲ ಪದರ ಅರ್ಧ ಇಂಚು, ಒಂದು ವಾರ ಬಿಟ್ಟು ಎರಡನೇದು. ಇಲ್ಲೇ ಬಾಳ ಮಂದಿ ಕೆಡಸೋದು: ನಮ್ಮ ಕಡೆ ಬ್ಯಾಸಿಗಿ ಒಣ ಗಾಳಿಗೆ ಸುಣ್ಣ ಒಂದ ದಿನಕ್ಕ ಒಣಗಿ ಪುಡಿ ಆಗತೈತಿ, ತೋಯಿಸಿದ ತಟ್ಟು ಇಳಿಬಿಟ್ಟು ಒಂದು ವಾರ ದಿನಾ ಮೂರು ಸಲ ನೀರು ಚಿಮುಕಿಸಿರಿ. ಗೌಂಡಿಗಳು "ಇದೆಲ್ಲಾ ಎಲ್ಲಿ ಹತ್ತತೈತ್ರಿ, ಸ್ವಲ್ಪ ಸಿಮೆಂಟ್ ಕೂಡಿಸೋಣ" ಅಂತಾರ, ಒಪ್ಪಬ್ಯಾಡ್ರಿ. ನಮ್ಮಲ್ಲಿ ಕೊನಿಗೆ ಅರವತ್ತು ದಾಟಿದ ಒಬ್ಬ ಹಿರೇ ಗೌಂಡಿ ಸಿಕ್ಕರು, ಅವರು ಕೈ ಇಟ್ಟ ಗ್ವಾಡಿ ಇವತ್ತಿಗೂ ಒಂದು ಗುಳ್ಳಿ ಇಲ್ಲ.

ಮನಿ ಸುತ್ತಲ, ಎರಿ ಮಣ್ಣಿನವರಿಗೆ ವಿಶೇಷ

ಗದಗದಾಗ ಅಕ್ಕನ ಮನಿ ಎರಿ ಮಣ್ಣಿನ ಮ್ಯಾಲೆ ಐತಿ. ಈ ಮಣ್ಣು ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಕುಗ್ಗತೈತಿ, ಬುನಾದಿಯ ಒಂದು ಮಗ್ಗಲು ತೊಯ್ದು ಇನ್ನೊಂದು ಒಣಗಿದ್ರ ಮನಿ ತಿರುಚತೈತಿ. ಅವರ ಮನಿ ಮೂಲಿ ಬಿರುಕಿಗೆ ಕಾರಣ ಬಚ್ಚಲ ನೀರು ಐದಾರು ವರ್ಷ ಅದ ಮೂಲ್ಯಾಗ ಇಂಗಿದ್ದು. ಬಿರುಕು ನಾಕು ಸಲ ತುಂಬಿಸಿದ್ರು, ನಾಕು ಸಲಾನೂ ಬಿಟ್ಟಿತು, ಬಚ್ಚಲ ಪೈಪ್ ಗಟಾರಕ್ಕ ಒಯ್ದ ಮ್ಯಾಲೆ ನಿಂತಿತು.

ಅದಕ್ಕ ಮನಿ ಸುತ್ತಲ ಮೂರು ಅಡಿ ಅಗಲ ಎರಡು ಅಡಿ ಆಳ ಎರಿ ಮಣ್ಣು ತಗದು ಮುರುಮು ತುಂಬಿ ಕುಟ್ಟಿ, ಮ್ಯಾಲೆ ಫರಸಿ ಹಾಸಿ, ಮೂರು ಅಡಿಗೆ ಎರಡು ಇಂಚು ಹೊರಗ ಇಳಿಜಾರು ಕೊಡ್ರಿ. ಒಮ್ಮೆಗೇ ಸುತ್ತಲ ಅಗೀಬ್ಯಾಡ್ರಿ, ಐದಾರು ಅಡಿ ಅಗದು ತುಂಬಿ ಮುಂದ ಹೋಗ್ರಿ, ಬುನಾದಿಗಿಂತ ಕೆಳಗ ಹೋಗಲೇಬ್ಯಾಡ್ರಿ. ಗ್ವಾಡಿ ಹಚ್ಚಿ ಗಿಡ, ಅದರಾಗ ಆಲ ಬಸರಿ ಜಾತಿದು, ಬ್ಯಾಡ. ಹಳೇ ಹುಬ್ಬಳ್ಳಿ ಧಾರವಾಡದ ಓಣ್ಯಾಗ ರಸ್ತೆ ಮ್ಯಾಲೆ ರಸ್ತೆ ಹಾಕಿ ಮನಿಗಿಂತ ರಸ್ತೆನ ಎತ್ತರ ಆಗೇತಿ, ಅಂಥಲ್ಲಿ ಒಳಗ ನೆಲ ಎತ್ತರಿಸೋಕಿಂತ ಹೊರಗ ಗ್ವಾಡಿಯಿಂದ ಒಂದು ಅಡಿ ಬಿಟ್ಟು ಆಳದ ಗಟಾರ ಮಾಡಿ ನೀರು ತಿರಗಸ್ರಿ, ಬಾಗಲಿಗೆ ಹೊಸ್ತಿಲ ಎತ್ತರ ಮಾಡ್ರಿ.

ವೈರಿಂಗ್, ನೀರು, ಬಚ್ಚಲ

ಕಟ್ಟಿಗಿ ಪಟ್ಟಿ ಒಳಗಿನ ಹಳೇ ವೈರ್ ಒಂದೂ ಉಳಿಸಬ್ಯಾಡ್ರಿ. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರ್ ಎಸಿಗೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಹೊಸ ಅರ್ಥಿಂಗ್, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೆ ಲೈನ್ ಬಂದ್ ಮಾಡೋ ಸ್ವಿಚ್). ಥಂಡಿ ಗ್ವಾಡಿ ಮನಿಗೆ ಆರ್‌ಸಿಸಿಬಿ ಜೀವ ಉಳಿಸೋ ಸಾಮಾನು. ಮಣ್ಣಿನ ಗ್ವಾಡಿ ಕೊರದು ಪೈಪ್ ಒಳಗ ಹಾಕಬ್ಯಾಡ್ರಿ, ಹೊರಗ ಜಂತಿ ಗುಂಟ ಸಾಲಾಗಿ ಒಯ್ದ್ರ ನೋಡಾಕೂ ಚಂದ, ರಿಪೇರಿಗೂ ಸಲೀಸು.

ನಮ್ಮಲ್ಲಿ ಎಷ್ಟೋ ಓಣಿಗೆ ಮಲಪ್ರಭಾ ನೀರು ಇನ್ನೂ ದಿನಗಟ್ಟಲೆ ಬಿಟ್ಟು ಬರತೈತಿ, ಸಂಪ್ ಬೇಕ ಬೇಕು. 6 ಅಡಿ ಉದ್ದ ಅಗಲ ಆಳದ ಸಂಪಿಗೆ 6000 ಲೀಟರ್ ಹಿಡೀತೈತಿ. ಅದನ್ನ ಹಳೇ ಗ್ವಾಡಿಯಿಂದ ಎಂಟು ಹತ್ತು ಅಡಿ ದೂರ ಅಂಗಳದಾಗ ಆರ್‌ಸಿಸಿಲೇ ಮಾಡ್ರಿ, ಎರಿ ಮಣ್ಣಿಗೆ ಇಟ್ಟಂಗಿ ಸಂಪ್ ಸೀಳತೈತಿ.

ಬಚ್ಚಲ ಪಾಯಖಾನಿ ಹೊಸಾದು ಬೇಕಂದ್ರ ಹಳೇ ಮನಿ ಒಳಗ ತುರುಕಬ್ಯಾಡ್ರಿ. ಹಿತ್ತಲದಾಗ, ಇಲ್ಲಾ ದನ ಕಟ್ಟತಿದ್ದ ಗ್ವಾದಲಿ ಜಾಗದಾಗ, ಬ್ಯಾರೆ ಇಟ್ಟಂಗಿ ಗ್ವಾಡಿ ಕಟ್ಟಿ ನಡುವ ಎರಡು ಮೂರು ಇಂಚು ಸಂದಿ ಬಿಡ್ರಿ, ಸಂದಿ ಮ್ಯಾಲೆ ಮಳಿನೀರು ಇಳೀದಂಗ ತಗಡಿನ ಪಟ್ಟಿ ಹೊದಿಸಿರಿ. ಇಲ್ಲಿ ಸಿಮೆಂಟ್, ವಾಟರ್‌ಪ್ರೂಫಿಂಗ್, ಟೈಲ್ಸ್ ಎಲ್ಲಾ ನಡೀತೈತಿ. ಟೈಲ್ಸ್ ಮೊದಲು ಎರಡು ದಿನ ನೀರು ನಿಲ್ಲಿಸಿ ನೋಡದ ಬಿಡಬ್ಯಾಡ್ರಿ.

ನೆಲ, ಬಾಗಲಾ, ಬಣ್ಣ

ಹಳೇ ಕಡಪಾ, ಶಹಾಬಾದಿ ಫರಸಿ ಇದ್ರ ಹಿಂದ ನಂಬರ್ ಬರದು ಎಬ್ಬಿಸಿ, ಕೆಳಗ ಖಡಿ ಪದರ, ಅದರ ಮ್ಯಾಲೆ ಸುಣ್ಣದ ಗಾರೆ ಹಾಕಿ ವಾಪಸ್ ಕುಂದರಿಸಿ ಪಾಲಿಶ್ ಮಾಡಿಸಿರಿ. ವಿಟ್ರಿಫೈಡ್ ಟೈಲ್ಸ್ ಪೂರಾ ಹಾಸಿದ್ರ ನೆಲದ ಥಂಡಿ ಬ್ಯಾರೆ ದಾರಿ ಇಲ್ಲದ ಗ್ವಾಡಿ ಕಡೆ ಹೋಗಿ ಏರತೈತಿ.

ಬಾಗಲಾ ಚೌಕಟ್ಟಿನ ಮ್ಯಾಲೆ ಹತ್ತು ಪದರ ಎಣ್ಣಿ ಬಣ್ಣ ಇರತೈತಿ. 2017ಕ್ಕ ಮೊದಲಿನ ಬಣ್ಣದಾಗ ಸೀಸ ಜಾಸ್ತಿ ಇರಬೋದು, ಒಣ ಉಜ್ಜಬ್ಯಾಡ್ರಿ, ರಿಮೂವರ್ ಹಚ್ಚಿ ಹಸಿ ಇದ್ದಾಗ ಕೆರದು ತಗೀರಿ, ಮಕ್ಕಳನ್ನ ದೂರ ಇಡ್ರಿ. ಒಳಗಿಂದ ಸಾಗವಾನಿ ಗೆರಿ ಹೊರಗ ಬಂದಾಗ ನಮ್ಮವ್ವ ಅರ್ಧ ತಾಸು ಬಾಗಲ ಮುಂದ ನಿಂತು ಕೈಯಾಡಿಸಿದ್ಲು, ಆಕಿ ಮದಿವ್ಯಾಗಿ ಬಂದಾಗ ಅದು ಹಂಗ ಇತ್ತಂತ. ಮ್ಯಾಲೆ ಅಗಸಿ ಎಣ್ಣಿ ತೆಳ್ಳಗ ಮೂರು ಸಲ ಸಾಕು. ಎಣ್ಣಿ ಒರಸಿದ ಅರಬಿ ಮುದ್ದಿ ಮಾಡಿ ಒಗೀಬ್ಯಾಡ್ರಿ, ತನ್ನಷ್ಟಕ್ಕ ತಾನ ಬೆಂಕಿ ಹತ್ತತೈತಿ, ನೀರಾಗ ಅದ್ದಿ ಹರವಿ ಒಣಗಿಸಿ ಒಗೀರಿ.

ಗ್ವಾಡಿಗೆ ಒಳಗೂ ಹೊರಗೂ ಸುಣ್ಣ ಮೂರು ಸಲ, ತೆಳ್ಳಗ, ನಡುವ ಒಂದೊಂದು ದಿನ ಬಿಟ್ಟು. ಬಣ್ಣ ಬೇಕಂದ್ರ ಕೆಮ್ಮಣ್ಣು, ಹಳದಿ ಮಣ್ಣು ಕೂಡಿಸಬೋದು. ಪುಟ್ಟಿ, ಪ್ಲಾಸ್ಟಿಕ್ ಎಮಲ್ಶನ್ ಹಚ್ಚಿದ್ರ ಮಾಡಿದ್ದೆಲ್ಲಾ ನೀರಾಗ ಹೋಮ.

ಮೊದಲ ಮಳಿ

ಮೊದಲ ದೊಡ್ಡ ಮಳಿ ಬಂದ ದಿನ ಎಲ್ಲಿ ಇದ್ರೂ ಮನಿಗೆ ಬರ್ರಿ. ಟಾರ್ಚ್ ಹಿಡದು ಪ್ರತಿ ತೊಲಿ ತುದಿ, ಹೆಂಚು ಗ್ವಾಡಿ ಕೂಡೋ ಜಾಗ, ದೋಣಿ ಕೆಳಗ ನೋಡ್ರಿ. ಸೋರಿದ ಜಾಗಕ್ಕ ಸೀಮೆಸುಣ್ಣದಲೆ ಗೆರಿ ಎಳದು ತಾರೀಖು ಬರೀರಿ, ಹಳೇ ನೋಟ್‌ಬುಕ್ ತಗದು ಪಕ್ಕಕ್ಕ ಇಟ್ಟು ನೋಡ್ರಿ. ನಮಗ ಆ ವರ್ಷ ಹದಿನೇಳು ಗುರುತಿದ್ದಿದ್ದು ಮೂರಕ್ಕ ಬಂದಿತ್ತು, ಎರಡು ದೋಣಿ ಜೋಡಣಿದು, ಒಂದು ಒಡದ ಹೆಂಚಿಂದು. ದಸರಾ ಆದ ಮ್ಯಾಲೆ ಒಬ್ಬ ಗೌಂಡಿ ಅರ್ಧ ದಿನದಾಗ ಮೂರೂ ಮುಗಿಸಿ ಹೋದ, ಹಿಡದ ರೊಕ್ಕ ಅವತ್ತ ಕೊಟ್ವಿ.